ಓದುಗರ ಪ್ರಶ್ನೆ: ದೋಷವಿರುವ ಹೊಸ ಪಿಕಪ್ ಗಾಡಿಯನ್ನು ಡೀಲರ್ ವಾಪಸ್ ಪಡೆಯುತ್ತೇನೆಂದಾಗ

ಪ್ರಶ್ನೆ: ಮಾನ್ಯರೇ, ನಾನು ಹಾಸನದ ಮಾರುಕಟ್ಟೆಯಿಂದ ಮಂಗಳೂರಿಗೆ ತರಕಾರಿ ಸಾಗಿಸಿ ಜೀವನ ನಡೆಸುವವನು. ಹತ್ತು ವರ್ಷ ಬೇರೆಯವರ ಗಾಡಿ ಓಡಿಸಿ, ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ದಿನ ಸ್ವಂತಕ್ಕೊಂದು ಡೀಸೆಲ್ ಪಿಕಪ್ ತಂದೆ. ಶೋರೂಂ ಬೆಲೆ 9,60,000 ರೂಪಾಯಿ. ಅದರಲ್ಲಿ 8,50,000 ಸಾಲ, ಶೇ 10.5 ಬಡ್ಡಿ, ತಿಂಗಳಿಗೆ 18,270 ರೂಪಾಯಿಯಂತೆ 60 ಕಂತು. ಹಿಂಬದಿಗೆ ಕಬ್ಬಿಣದ ಚೌಕಟ್ಟು ಮತ್ತು ಟಾರ್ಪಾಲಿಗೆ ಮತ್ತೆ 38,000 ಖರ್ಚಾಯಿತು. ಎರಡನೆಯ ತಿಂಗಳಿನಿಂದಲೇ ತೊಂದರೆ ಶುರುವಾಯಿತು. ಬಂದರಿನ ಮಂಡಿಯಿಂದ ದಿನಸಿ ತುಂಬಿಕೊಂಡು ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಎಂಜಿನ್ನಿನ ಹಳದಿ ದೀಪ ಹತ್ತಿಕೊಳ್ಳುತ್ತದೆ; ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎರಡನೆಯ ಗೇರಿನಲ್ಲೇ ತೆವಳುತ್ತದೆ; ಹಿಂದೆ ಲಾರಿಗಳ ಸಾಲು. ಐದು ಸಲ ವರ್ಕ್‌ಶಾಪಿಗೆ ಬಿಟ್ಟಿದ್ದೇನೆ, ಒಟ್ಟು 34 ದಿನ ಗಾಡಿ ಅಲ್ಲೇ ನಿಂತಿತ್ತು. ಮೊದಲು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಭಾಗ) ಪೈಪ್ ಬದಲಿಸಿದರು, ಆಮೇಲೆ ಸೆನ್ಸರ್, ಆಮೇಲೆ ಸಾಫ್ಟ್‌ವೇರ್, ನಾಲ್ಕನೆಯ ಸಲ ಇಡೀ ಟರ್ಬೊ. ಐದನೆಯ ಸಲ, ನೀವು ಓವರ್‌ಲೋಡ್ ಹಾಕುತ್ತೀರಿ ಎಂದರು. ಈಗ ಡೀಲರ್, "ಗಾಡಿಯನ್ನು ನಾವೇ ವಾಪಸ್ ತೆಗೆದುಕೊಂಡು ಹೊಸದು ಕೊಡುತ್ತೇವೆ, ಇದಕ್ಕೆ 7,10,000 ಕಟ್ಟುತ್ತೇವೆ, ಉಳಿದದ್ದನ್ನು ನೀವು ಸೇರಿಸಿ" ಎನ್ನುತ್ತಿದ್ದಾರೆ. ಅಮೆರಿಕದಲ್ಲಿರುವ ನನ್ನ ಭಾವಮೈದುನ, ಅಲ್ಲಿ ಇಂಥ ಗಾಡಿಯನ್ನು ಕಂಪನಿಯೇ ಪೂರ್ತಿ ಹಣಕ್ಕೆ ವಾಪಸ್ ಪಡೆಯಬೇಕು ಎಂದು ಹೇಳುತ್ತಾನೆ. ನಮ್ಮಲ್ಲಿ ಅಂಥ ಕಾನೂನು ಇದೆಯೇ? ಡೀಲರ್ ಹೇಳಿದ್ದಕ್ಕೆ ಒಪ್ಪಲೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಈಗಿರುವ ರೂಪದಲ್ಲಿ ಒಪ್ಪಬೇಡಿ. ಡೀಲರ್ ನಿಮ್ಮ ಮುಂದಿಟ್ಟಿರುವುದು ದೋಷವಿರುವ ಗಾಡಿಯನ್ನು ಮರಳಿ ಪಡೆಯುವ ಪ್ರಸ್ತಾಪವಲ್ಲ, ಹಳೆಯ ಗಾಡಿಯ ಎಕ್ಸ್‌ಚೇಂಜ್. ಇವೆರಡೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ, ಏಕೆಂದರೆ ಎರಡರಲ್ಲೂ ನೀವು ಕೀಲಿ ಕೊಟ್ಟು ಬೇರೆ ಕೀಲಿ ಪಡೆಯುತ್ತೀರಿ. ಆದರೆ ಎಕ್ಸ್‌ಚೇಂಜ್ ಪತ್ರಕ್ಕೆ ಸಹಿ ಹಾಕಿದ ಕ್ಷಣ ನೀವು ಮೋಸಹೋದ ಖರೀದಿದಾರರಾಗಿ ಉಳಿಯುವುದಿಲ್ಲ. ಏಳು ತಿಂಗಳು ಬಳಸಿದ ಗಾಡಿಯನ್ನು ಸ್ವಂತ ಇಚ್ಛೆಯಿಂದ ಮಾರಿದ ಮಾರಾಟಗಾರರಾಗುತ್ತೀರಿ. ನನ್ನ ಬಳಿ ಬಂದಿದ್ದ ಒಬ್ಬ ಹೂವಿನ ಗಾಡಿಯವರ ಕಡತ ಈಗಲೂ ನೆನಪಿದೆ. ಆರು ಜಾಬ್ ಕಾರ್ಡ್‌ಗಳು (ಗಾಡಿ ಬಿಟ್ಟಾಗ ದೂರು ಮತ್ತು ಮಾಡಿದ ಕೆಲಸವನ್ನು ವರ್ಕ್‌ಶಾಪಿನವರು ಬರೆಯುವ ಹಾಳೆ), ಒಂದೊಂದರಲ್ಲೂ ಅದೇ ದೂರು, ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿರಲಿಲ್ಲ. ಅವುಗಳ ಕೆಳಗೆ ಒಂದೇ ಹಾಳೆಯ ನಮೂನೆ, ಅದರಲ್ಲಿ "ಗಾಡಿಯ ಸ್ಥಿತಿ ಪರಿಶೀಲಿಸಿ ಒಪ್ಪಿದ ಬೆಲೆಗೆ ಕೊಟ್ಟಿರುತ್ತೇನೆ" ಎಂಬ ಸಾಲು, ಅದರಡಿ ಅವರ ಸಹಿ. ಆ ಆರು ಕಾರ್ಡ್‌ಗಳನ್ನು ಆ ಒಂದು ಸಾಲು ತಿಂದುಹಾಕಿತ್ತು.

ಡೀಲರ್ ಹೇಳಿದ ಲೆಕ್ಕವನ್ನೇ ನೋಡೋಣ. ಏಳು ಕಂತು ಕಟ್ಟಿದ ಮೇಲೂ ನಿಮ್ಮ ಸಾಲದ ಅಸಲಿನಲ್ಲಿ ಸುಮಾರು 7,72,000 ರೂಪಾಯಿ ಬಾಕಿ ಇರುತ್ತದೆ. ಗಾಡಿಗೆ 7,10,000 ಕಟ್ಟಿದರೆ, ಗಾಡಿ ಕೈಬಿಟ್ಟ ಮೇಲೂ ಹಳೆಯ ಸಾಲ ತೀರಿಸಲು ಸುಮಾರು 62,000 ರೂಪಾಯಿಯನ್ನು ನೀವೇ ಹೊಂದಿಸಬೇಕು, ಆಮೇಲೆ ಹೊಸ ಗಾಡಿಗೆ ಹೊಸ ಸಾಲ ಮಾಡಬೇಕು. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ನೀವು ಗಾಡಿ ಕೊಂಡದ್ದು 2025ರ ಆಗಸ್ಟ್‌ನಲ್ಲಿ. ಆಗ ಸರಕು ಸಾಗಣೆ ವಾಹನಗಳ ಮೇಲೆ ಶೇ 28ರ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ನೀವು ಕೊಟ್ಟ 9,60,000ದಲ್ಲಿ ಗಾಡಿಯ ಮೂಲ ಬೆಲೆ 7,50,000, ಉಳಿದದ್ದು ತೆರಿಗೆ. ಮೂಲ ಬೆಲೆ ಬದಲಾಗಿಲ್ಲ ಎಂದಿಟ್ಟುಕೊಂಡರೆ ಅದೇ ಗಾಡಿ ಇಂದು 8,85,000ಕ್ಕೆ ಸಿಗುತ್ತದೆ. ಆದ್ದರಿಂದ ಡೀಲರ್ ನಾಳೆ ಮನಸ್ಸು ಬದಲಿಸಿ "ಸರಿ, ಗಾಡಿಗೆ ಗಾಡಿ, ಸಮಕ್ಕೆ ಸಮ" ಎಂದರೂ ನಿಮ್ಮ ಕೈಯಿಂದ 75,000 ರೂಪಾಯಿ ಸದ್ದಿಲ್ಲದೆ ಹೋಗಿರುತ್ತದೆ. ನೀವು ಕೇಳಬೇಕಾದದ್ದು ನೀವು ಕೊಟ್ಟ ಬೆಲೆ, ಇಂದಿನ ದರಪಟ್ಟಿಯ ಬೆಲೆಯಲ್ಲ.

ನಿಮ್ಮ ಭಾವಮೈದುನ ಹೇಳಿದ್ದು ನಿಜ. ಅಮೆರಿಕದಲ್ಲಿ ಇಂಥ ಕಾನೂನುಗಳನ್ನು 'ಲೆಮನ್ ಲಾ' ಎನ್ನುತ್ತಾರೆ. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಮೊದಲಿಗೆ ಮಾಡಿತು, ಆಮೇಲೆ ಉಳಿದ ರಾಜ್ಯಗಳೂ ಮಾಡಿಕೊಂಡವು. ಒಂದೇ ದೋಷಕ್ಕೆ ಎಷ್ಟು ಸಲ ರಿಪೇರಿ, ಒಟ್ಟು ಎಷ್ಟು ದಿನ ವರ್ಕ್‌ಶಾಪಿನಲ್ಲಿ ಎಂಬ ಲೆಕ್ಕ ಅಲ್ಲಿನ ಕಾನೂನಿನಲ್ಲೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಗಾಡಿ ವಾಪಸ್ ಪಡೆಯುವಾಗ ಬಳಕೆಗೆಂದು ಮುರಿದುಕೊಳ್ಳುವ ಹಣಕ್ಕೂ ಸೂತ್ರವಿದೆ: ದೋಷಕ್ಕಾಗಿ ಮೊದಲ ಸಲ ವರ್ಕ್‌ಶಾಪಿಗೆ ತರುವವರೆಗೆ ಓಡಿದ ಮೈಲಿಗಳನ್ನು 1,20,000ದಿಂದ ಭಾಗಿಸಿ, ಬಂದದ್ದನ್ನು ಗಾಡಿಯ ಬೆಲೆಗೆ ಗುಣಿಸುತ್ತಾರೆ. ಮೊದಲ ದೂರಿನ ನಂತರದ ಓಟ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಮೊದಲ ಜಾಬ್ ಕಾರ್ಡ್‌ನಲ್ಲಿ 4,200 ಕಿಲೋಮೀಟರ್ ಎಂದಿದೆಯೆಂದು ಇಟ್ಟುಕೊಳ್ಳಿ. ಆ ಸೂತ್ರದಂತೆ ಮುರಿಯಬೇಕಾದದ್ದು ಸುಮಾರು 21,000 ರೂಪಾಯಿ. ನಿಮ್ಮ ಡೀಲರ್ ಮುರಿಯುತ್ತಿರುವುದು 2,50,000. ಈ ಸೂತ್ರ ನಮ್ಮಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ, ಆದರೂ ಮಾತುಕತೆಗೆ ಕುಳಿತಾಗ ಕೈಯಲ್ಲೊಂದು ಅಳತೆಗೋಲು ಇರಬೇಕು. ಇದಕ್ಕಿಂತ ನ್ಯಾಯವಾದ ಅಳತೆಗೋಲನ್ನು ನಾನು ಕಂಡಿಲ್ಲ.

ನಮ್ಮ ದೇಶದಲ್ಲಿ ಹಾಗೆ ಎಣಿಕೆ ಹಾಕಿಕೊಟ್ಟ ಪ್ರತ್ಯೇಕ ಕಾನೂನು ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮು, ಸುರಕ್ಷತೆಗೆ ಅಪಾಯ ತರುವ ದೋಷವಿದ್ದರೆ ಒಂದು ಮಾದರಿಯ ವಾಹನಗಳನ್ನು ವಾಪಸ್ ಕರೆಸಿಕೊಳ್ಳುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಅದೇ ಮಾದರಿಯ ಹಲವು ಮಾಲೀಕರ ದೂರುಗಳು ಸೇರಬೇಕು. ಒಬ್ಬರ ಸಂಕಟಕ್ಕೆ ಅದು ತಕ್ಷಣದ ಮದ್ದಲ್ಲ. ನಿಮ್ಮ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷ ಸಾಬೀತಾದರೆ ಅದನ್ನು ಸರಿಪಡಿಸುವುದು, ದೋಷವಿಲ್ಲದ ಅದೇ ಬಗೆಯ ಹೊಸ ವಸ್ತು ಕೊಡುವುದು, ಬೆಲೆಯನ್ನು ಬಡ್ಡಿ ಸಮೇತ ಹಿಂದಿರುಗಿಸುವುದು, ನಷ್ಟ ತುಂಬಿಕೊಡುವುದು, ಇವುಗಳಲ್ಲಿ ಸೂಕ್ತವಾದದ್ದನ್ನು ಆದೇಶಿಸಲು 39ನೆಯ ಕಲಮು ಗ್ರಾಹಕ ಆಯೋಗಕ್ಕೆ ಅಧಿಕಾರ ಕೊಡುತ್ತದೆ. ಗಾಡಿ ಸರಕು ಸಾಗಣೆಯದ್ದಾದ್ದರಿಂದ, ಇದು ವಾಣಿಜ್ಯ ಉದ್ದೇಶದ ಖರೀದಿ, ನೀವು ಗ್ರಾಹಕರೇ ಅಲ್ಲ ಎಂದು ಎದುರಿನವರು ಖಂಡಿತ ವಾದಿಸುತ್ತಾರೆ. ಹೆದರಬೇಡಿ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸುವುದಕ್ಕೆಂದೇ ಕೊಂಡು, ಸ್ವತಃ ಬಳಸುವವರನ್ನು ಕಾಯ್ದೆಯೇ ಗ್ರಾಹಕರೆಂದು ಒಪ್ಪುತ್ತದೆ. ದೂರಿನ ಮೊದಲ ಪುಟದಲ್ಲೇ, ಗಾಡಿ ನಿಮಗಿರುವುದು ಇದೊಂದೇ, ಓಡಿಸುವವರು ನೀವೇ, ಮನೆ ನಡೆಯುವುದು ಇದರಿಂದಲೇ ಎಂಬ ಮೂರು ಮಾತುಗಳನ್ನು ಸ್ಪಷ್ಟವಾಗಿ ಬರೆಯಿರಿ. ಚಾಲನಾ ಪರವಾನಗಿಯ ಪ್ರತಿಯನ್ನು ಲಗತ್ತಿಸಿ.

ಇನ್ನು ಪ್ರಕರಣದ ತಿರುಳಿಗೆ ಬರೋಣ. ಗಾಡಿ ಪದೇ ಪದೇ ಕೆಡುತ್ತದೆ ಎನ್ನುವುದು ಒಂದು ಮಾತು, ಅದರಲ್ಲಿ ತಯಾರಿಕೆಯದೇ ದೋಷವಿದೆ ಎನ್ನುವುದು ಇನ್ನೊಂದು. 2006ರಲ್ಲಿ ಸುಪ್ರೀಂ ಕೋರ್ಟ್ ಕಾರೊಂದರ ಪ್ರಕರಣದಲ್ಲಿ, ವಾರಂಟಿಯ ಷರತ್ತು ಕೆಟ್ಟ ಭಾಗವನ್ನು ಬದಲಿಸಿಕೊಡುವುದಕ್ಕೆ ಸೀಮಿತವಾಗಿರುವಾಗ ಇಡೀ ಗಾಡಿ ಬದಲಿಸಿಕೊಡಿ ಎಂಬ ಆದೇಶ ಸರಿಯಲ್ಲ ಎಂದಿತು. ಕಂಪನಿಗಳ ವಕೀಲರು ಈ ತೀರ್ಪನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಬೇರೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸ್ವತಂತ್ರ ತಜ್ಞರು ಪರೀಕ್ಷಿಸಿ ಗಾಡಿಯಲ್ಲಿ ಅಂತರ್ಗತವಾದ ತಯಾರಿಕಾ ದೋಷವಿದೆ ಎಂದರೆ ಬೆಲೆಯ ಜೊತೆ ಕಟ್ಟಿದ ರಸ್ತೆ ತೆರಿಗೆಯನ್ನೂ ಬಡ್ಡಿ ಸಹಿತ ಹಿಂದಿರುಗಿಸಬೇಕು ಎಂದಿದೆ. ಈ ಎರಡು ತೀರ್ಪುಗಳ ನಡುವಿನ ದಾರಿಯೇ ನಿಮ್ಮದು: ಒಂದು ಭಾಗ ಕೆಟ್ಟಿತು, ಬದಲಿಸಿದರು, ಸರಿಹೋಯಿತು ಎಂದಾದರೆ ನೀವು ಸೋಲುತ್ತೀರಿ, ಭಾಗಗಳನ್ನೆಲ್ಲ ಬದಲಿಸಿದರೂ ಅದೇ ದೋಷ ಅದೇ ಏರಿನಲ್ಲಿ ಮರುಕಳಿಸಿತು ಎಂದು ಕಾಗದದಲ್ಲಿ ತೋರಿಸಿದರೆ ಗೆಲ್ಲುವ ಸಾಧ್ಯತೆ ಚೆನ್ನಾಗಿದೆ.

ಆ ಕಾಗದವೇ ಜಾಬ್ ಕಾರ್ಡ್. ನಿಮ್ಮ ಐದೂ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು, ಗ್ರಾಹಕರ ದೂರು ಎಂಬ ಕಲಂನಲ್ಲಿ ಏನಿದೆಯೆಂದು ಓದಿ. ವರ್ಕ್‌ಶಾಪಿನ ಹುಡುಗರು ಅವಸರದಲ್ಲಿ 'ಜನರಲ್ ಚೆಕಪ್' ಎಂದು ಹಾಕಿಬಿಡುತ್ತಾರೆ. ಆ ಎರಡು ಪದಗಳಿದ್ದರೆ ನಿಮ್ಮ ಶಿರಾಡಿ ಘಾಟಿಯ ಕಷ್ಟಕ್ಕೆ ಸಾಕ್ಷಿಯೇ ಇಲ್ಲವಾಗುತ್ತದೆ. ಟರ್ಬೊ ಒತ್ತಡ ಸಾಲದಾದಾಗ ಗಾಡಿಯ ಕಂಪ್ಯೂಟರ್ ಸಾಮಾನ್ಯವಾಗಿ ದಾಖಲಿಸುವ ದೋಷ ಸಂಕೇತ ಪಿ0299. ಸ್ಕ್ಯಾನರ್ ಹಾಕಿದಾಗ ಬಂದ ಸಂಕೇತದ ಪ್ರಿಂಟ್ ಕೇಳಿ ಪಡೆಯಿರಿ. ಕೊಡದಿದ್ದರೆ ಪರದೆಯ ಫೋಟೊ ತೆಗೆದುಕೊಳ್ಳಿ. ಪೈಪ್ ಸೋರಿಕೆಯಿಂದಲೂ, ಟರ್ಬೊದ ಒಳಗಿನ ಚಲನೆ ಹಿಡಿದುಕೊಳ್ಳುವುದರಿಂದಲೂ, ಸೆನ್ಸರ್ ತಪ್ಪು ಅಳತೆ ಕೊಡುವುದರಿಂದಲೂ, ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುವುದರಿಂದಲೂ ಅದೇ ಸಂಕೇತ ಬರಬಹುದು. ನಾಲ್ಕು ಸಲ ನಾಲ್ಕು ಬೇರೆ ಬೇರೆ ಭಾಗ ಬದಲಿಸಿದ್ದಾರೆ ಎಂದರೆ ಅವರಿಗೇ ಮೂಲ ಸಿಕ್ಕಿಲ್ಲ ಎಂದರ್ಥ. ಇದು ನಿಮ್ಮ ಪರವಾಗಿರುವ ಬಲವಾದ ಅಂಶ. ಐದನೆಯ ಸಲ ಹೇಳಿದ ಓವರ್‌ಲೋಡ್ ಮಾತನ್ನು ನಿಜವಾಗಿಯೂ ನಂಬಿದ್ದರೆ ಮೊದಲ ಸಲವೇ ಹೇಳಬೇಕಿತ್ತು ಎಂದು ನೀವು ಕೇಳಬಹುದು. ಆದರೂ ಇನ್ನು ಮುಂದೆ ಪ್ರತಿ ಬಾಡಿಗೆಗೂ ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ನಮೂದಿಸಿದ ಒಟ್ಟು ತೂಕದೊಳಗೇ ಗಾಡಿ ಉಸಿರುಗಟ್ಟುತ್ತಿದೆ ಎಂಬುದನ್ನು ಆ ಚೀಟಿಗಿಂತ ಚೆನ್ನಾಗಿ ಯಾವುದೂ ಹೇಳಲಾರದು. ಡೀಸೆಲ್ ಬಿಲ್ಲುಗಳನ್ನೂ ಎಸೆಯಬೇಡಿ, ಕಲಬೆರಕೆ ಡೀಸೆಲ್ ಎನ್ನುವುದು ಅವರ ಮುಂದಿನ ಮಾತಾಗಿರುತ್ತದೆ.

ಇಷ್ಟಾದ ಮೇಲೆ ಡೀಲರಿಗೂ ತಯಾರಿಕಾ ಕಂಪನಿಗೂ ಒಟ್ಟಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ. ಇಬ್ಬರನ್ನೂ ಸೇರಿಸುವುದು ಮುಖ್ಯ. ಡೀಲರ್ ಮಾಡಿದ ತಪ್ಪಿಗೆ, ತನಗೆ ಗೊತ್ತಿಲ್ಲದಿರುವಾಗ, ತಯಾರಕರು ಹೊಣೆಯಾಗುವುದಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರಿಬ್ಬರ ನಡುವಿನ ಸಂಬಂಧ ಸರಕು ಕೊಂಡು ಮಾರುವವರದು. ಇತ್ತ ಡೀಲರ್ ಒಬ್ಬರನ್ನೇ ಕರೆದರೆ, ದೋಷ ಕಾರ್ಖಾನೆಯದು, ನಾವು ಮಾರುವವರಷ್ಟೇ ಎನ್ನುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟು ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ; ಕಂಪನಿಯ ಮುಖ್ಯ ಕಚೇರಿ ಬಹಳ ಸಲ ಎಚ್ಚೆತ್ತುಕೊಳ್ಳುವುದು ಆಗಲೇ. ಆಯೋಗಕ್ಕೆ ಹೋಗುವುದಾದರೆ 50 ಲಕ್ಷದವರೆಗಿನ ಖರೀದಿ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ, ಮತ್ತು ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಶೋರೂಂ ಇರುವ ಊರಿಗೆ ಅಲೆಯಬೇಕಿಲ್ಲ. ಐದರಿಂದ ಹತ್ತು ಲಕ್ಷದ ಖರೀದಿಗೆ ಶುಲ್ಕ 200 ರೂಪಾಯಿ. ತೊಂದರೆ ಉದ್ಭವಿಸಿದ ಎರಡು ವರ್ಷದೊಳಗೆ ಹೋಗಬೇಕು, ಆದ್ದರಿಂದ "ಕಂಪನಿಗೆ ಬರೆದಿದ್ದೇವೆ, ಅಪ್ರೂವಲ್ ಬರಬೇಕು" ಎಂಬ ಮಾತಿಗೆ ವರ್ಷಗಟ್ಟಲೆ ಕಾಯಬೇಡಿ.

ದೂರಿನ ಜೊತೆಗೇ, 38ನೆಯ ಕಲಮಿನಡಿ ಗಾಡಿಯನ್ನು ತಜ್ಞರಿಂದ ಪರೀಕ್ಷಿಸಲು ಆದೇಶ ಕೋರಿ ಅರ್ಜಿ ಹಾಕಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನೋ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರನ್ನೋ ನೇಮಿಸುವಂತೆ ನೀವೇ ಸೂಚಿಸಬಹುದು. ಪರೀಕ್ಷೆಯ ವೆಚ್ಚವನ್ನು ಮೊದಲಿಗೆ ನೀವು ಕಟ್ಟಬೇಕಾಗುತ್ತದೆ. ಪರೀಕ್ಷೆಯನ್ನು ವರ್ಕ್‌ಶಾಪಿನ ಸಮತಟ್ಟು ನೆಲದ ಮೇಲೆ ಮುಗಿಸಿಬಿಡದೆ, ಸರಕು ತುಂಬಿಸಿ ಏರಿನಲ್ಲಿ ಓಡಿಸಿ ನೋಡಬೇಕೆಂದು ಅರ್ಜಿಯಲ್ಲೇ ಕೇಳಿಕೊಳ್ಳಿ. ಖಾಲಿ ಗಾಡಿ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ವರದಿಯೂ ಹಾಗೆಯೇ ಬರುತ್ತದೆ. ಪರೀಕ್ಷೆ ಬೇಕಾದ ಪ್ರಕರಣಗಳನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ಕಾಲ ಗಾಡಿ ನಿಲ್ಲಿಸಿದರೆ ಕಂತು ಕಟ್ಟುವುದು ಹೇಗೆ ಎಂಬ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಪರೀಕ್ಷೆ ಮುಗಿಯುವವರೆಗಾದರೂ ಘಾಟಿಯ ಬಾಡಿಗೆ ಬಿಟ್ಟು ಸಮೀಪದ ಬಾಡಿಗೆಗಳನ್ನಷ್ಟೇ ಮಾಡಿ. ಇದು ನಿಮ್ಮ ಜೀವದ ಪ್ರಶ್ನೆಯೂ ಹೌದು. ಹೊರಗಿನ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಬಿಚ್ಚಿಸಬೇಡಿ, ವಾರಂಟಿಯನ್ನೇ ಕಳೆದುಕೊಳ್ಳುವಿರಿ.

ನೋಟಿಸ್ ತಲುಪಿದ ಮೇಲೆ ನಿಜವಾದ ಬೈಬ್ಯಾಕ್, ಅಂದರೆ ದೋಷದ ಕಾರಣಕ್ಕೆ ಗಾಡಿಯನ್ನು ಮರಳಿ ಪಡೆಯುವ ಮಾತು ಬರಬಹುದು. ಆಯೋಗದ ಮೊದಲ ವಿಚಾರಣೆಯಲ್ಲೂ ಬರಬಹುದು, ಎರಡೂ ಕಡೆಯವರು ಒಪ್ಪಿದರೆ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮಗೆ ಅದೇ ಒಳ್ಳೆಯದು: ಅಲ್ಲಿ ಆದ ಒಪ್ಪಂದ ಆಯೋಗದ ಆದೇಶವಾಗಿ ದಾಖಲಾಗುತ್ತದೆ, ಮತ್ತು ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ 25,000ದಿಂದ ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಒಪ್ಪಂದ ಎಲ್ಲಿಯೇ ಆಗಲಿ, ಪತ್ರದಲ್ಲಿ "ದೋಷದ ಕಾರಣ ಗಾಡಿಯನ್ನು ಹಿಂಪಡೆಯಲಾಗಿದೆ" ಎಂಬ ಮಾತು ಇರಲೇಬೇಕು. ಹಿಂದಿರುಗಿಸುವ ಮೊತ್ತದಲ್ಲಿ ಶೋರೂಂ ಬೆಲೆಯ ಜೊತೆಗೆ ರಸ್ತೆ ತೆರಿಗೆ, ನೋಂದಣಿ ವೆಚ್ಚ, ವಿಮೆಯ ಉಳಿದ ಅವಧಿಯ ಕಂತು, ನಿಮ್ಮ ಚೌಕಟ್ಟಿನ 38,000 ಸೇರಿರಬೇಕು. ಸಾಲವನ್ನು ಅವಧಿಗೆ ಮುನ್ನ ತೀರಿಸಲು ಫೈನಾನ್ಸ್‌ನವರು ಕೇಳುವ ಶುಲ್ಕವನ್ನು ಯಾರು ಕೊಡಬೇಕು ಎಂಬುದನ್ನೂ ಬರೆಸಿ. ಹಣದ ಬದಲು ಗಾಡಿಯನ್ನೇ ಒಪ್ಪುವುದಾದರೆ ಹೊಸ ಗಾಡಿಯ ಚಾಸಿ ಸಂಖ್ಯೆ, ತಯಾರಾದ ತಿಂಗಳು, ವಾರಂಟಿ ಹೊಸದಾಗಿ ಮೊದಲ ದಿನದಿಂದ ಎಣಿಕೆಯಾಗುತ್ತದೆ ಎಂಬುದು, ಮತ್ತು ನಾನು ಮೊದಲೇ ಹೇಳಿದ 75,000ದ ವ್ಯತ್ಯಾಸ, ಇಷ್ಟೂ ಪತ್ರದಲ್ಲಿ ಕಾಣಿಸಬೇಕು.

ಕೊನೆಗೆ ಕೀಲಿ ಕೊಡುವ ದಿನದ ಮಾತು. ಗಾಡಿ ಡೀಲರ್ ಅಂಗಳದಲ್ಲಿ ನಿಂತ ಮಾತ್ರಕ್ಕೆ ನಿಮ್ಮ ಹೊಣೆ ಕಳಚುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ; ಆ ಪ್ರಕರಣದಲ್ಲಿ ಗಾಡಿ ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಆದರೂ ದಾಖಲೆಯಲ್ಲಿದ್ದ ಮೊದಲ ಮಾಲೀಕರೇ ಹೊಣೆಯಾದರು. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಡೀಲರ್ ಸಹಿಯನ್ನೂ ಪಡೆದು, ಸಾಲದ ನಮೂದು ತೆಗೆಸುವ 35ನೆಯ ನಮೂನೆಯನ್ನು ಫೈನಾನ್ಸ್‌ನವರಿಂದ ಪಡೆದು, ಆರ್‌ಟಿಒದಲ್ಲಿ ಅರ್ಜಿ ಸಲ್ಲಿಕೆಯಾದ ರಸೀದಿಯನ್ನು ಕಣ್ಣಾರೆ ಕಂಡ ಮೇಲೆಯೇ ಎರಡನೆಯ ಕೀಲಿ ಕೊಡಿ. ನಿಮ್ಮ ಡೀಲರ್ ನೋಂದಾಯಿತ ವಾಹನಗಳ, ಅಂದರೆ ಬಳಸಿದ ಗಾಡಿಗಳ, ಅಧಿಕೃತ ಡೀಲರ್ ಆಗಿದ್ದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಗಾಡಿ ಪಡೆದ ಬಗ್ಗೆ 29ಸಿ ನಮೂನೆಯ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅಲ್ಲಿಂದಾಚೆ ಹೊಣೆ ಅವರದು. ಅದರ ಪ್ರತಿ ಕೇಳಿ ಪಡೆಯಿರಿ. ಓಡೋಮೀಟರಿನ ಫೋಟೊ, ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆ ಬರೆದ ಸ್ವೀಕೃತಿಯನ್ನೂ ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಸಿಮೆಂಟ್ ಮತ್ತು ಕಬ್ಬಿಣದ ಅಂಗಡಿ. ಸರಕು ತಲುಪಿಸಲು ಎರಡು ಪಿಕಪ್ ಇದ್ದವು, ಚಾಲಕರನ್ನಿಟ್ಟು ಓಡಿಸುತ್ತೇವೆ. ಮೂರನೆಯದಾಗಿ ಕೊಂಡ ಹೊಸ ಗಾಡಿಯ ಗೇರ್‌ಬಾಕ್ಸ್ ಮೂರು ತಿಂಗಳಲ್ಲಿ ಎರಡು ಸಲ ಬಿಚ್ಚಿದ್ದಾರೆ. ನಾವೂ ಗ್ರಾಹಕ ಆಯೋಗಕ್ಕೆ ಹೋಗಬಹುದೇ?
– ಗದಗದ ಓದುಗರು

ಉತ್ತರ: ಅಲ್ಲಿ ನಿಮ್ಮ ದೂರು ನಿಲ್ಲುವುದು ಕಷ್ಟ. 1995ರಲ್ಲಿ ಸುಪ್ರೀಂ ಕೋರ್ಟ್, ಆಟೊ ಅಥವಾ ಲಾರಿ ಕೊಂಡು ತಾನೇ ಓಡಿಸಿ ಜೀವನ ನಡೆಸುವವನು ಗ್ರಾಹಕ, ಒಬ್ಬಿಬ್ಬರ ಸಹಾಯ ಪಡೆದರೂ ಅವನು ಗ್ರಾಹಕನೇ ಎಂದು ಹೇಳಿತು. ಚಾಲಕರನ್ನಿಟ್ಟು ಹಲವು ಗಾಡಿ ನಡೆಸುವ ವ್ಯಾಪಾರಕ್ಕೆ ಆ ರಕ್ಷಣೆ ಒದಗುವುದಿಲ್ಲ. ಹಾಗೆಂದು ನಿಮ್ಮ ಹಕ್ಕು ಇಲ್ಲವಾಗಲಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಮಾರುವವನು ಬಾಯಿಬಿಟ್ಟು ಹೇಳದಿದ್ದರೂ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ಖರೀದಿಯಲ್ಲಿ ಅಡಕವಾಗಿರುತ್ತದೆ. ಅದರ ಆಧಾರದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಬಹುದು. ವ್ಯಾಜ್ಯದ ಮೊತ್ತ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವಾಣಿಜ್ಯ ನ್ಯಾಯಾಲಯದ ಮುಂದೆ ಹೋಗುತ್ತದೆ, ಮತ್ತು ತುರ್ತು ಪರಿಹಾರದ ಅಗತ್ಯವಿಲ್ಲದಿದ್ದರೆ ದಾವೆಗೆ ಮುನ್ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಯತ್ನಿಸುವುದು ಕಡ್ಡಾಯ. ಇದನ್ನು ಅಡ್ಡಿಯೆಂದು ತಿಳಿಯಬೇಡಿ. ಮೂರು ತಿಂಗಳೊಳಗೆ, ಎರಡೂ ಕಡೆ ಒಪ್ಪಿದರೆ ಇನ್ನೆರಡು ತಿಂಗಳಲ್ಲಿ, ಅದು ಮುಗಿಯುತ್ತದೆ; ಕಂಪನಿಯ ಪ್ರತಿನಿಧಿ ಮೇಜಿಗೆ ಬಂದರೆ ಬೈಬ್ಯಾಕ್ ಮಾತಾಡಲು ಅದಕ್ಕಿಂತ ಸೂಕ್ತ ಜಾಗವಿಲ್ಲ. ಹೋಗುವಾಗ ಗೇರ್‌ಬಾಕ್ಸ್ ಬಿಚ್ಚಿದ ಎರಡೂ ಸಲದ ಜಾಬ್ ಕಾರ್ಡ್ ಮತ್ತು ಗಾಡಿ ನಿಂತ ದಿನಗಳಲ್ಲಿ ನೀವು ಹೊರಗಿನ ಗಾಡಿಗೆ ಕೊಟ್ಟ ಬಾಡಿಗೆಯ ರಸೀದಿಗಳನ್ನು ತಪ್ಪದೆ ಒಯ್ಯಿರಿ.